ಮೊಬೈಲಿನಲ್ಲಿ ಮಾರುಕಟ್ಟೆಯ ಸಮೀಕ್ಷೆ

ತನ್ನ ಸಾಬೂನು ಎಷ್ಟು ಮಾರಾಟವಾಯಿತೆಂಬುದು ತಯಾರಕನಿಗೆ ಲೆಕ್ಕದ ಪುಸ್ತಕದಿಂದಲೇ ತಿಳಿಯುತ್ತದೆ. ಕೊಳ್ಳದವರು ಏಕೆ ಕೊಳ್ಳಲಿಲ್ಲವೆಂಬುದು ಅದರಿಂದ ತಿಳಿಯದು. ಇದನ್ನರಿಯಲು ಹಿಂದೆ ಪ್ರಶ್ನಾವಳಿಯೊಡನೆ ಮನೆಮನೆಗೆ ಜನರನ್ನು ಕಳುಹಿಸುತ್ತಿದ್ದರು. ಇಂದು ಅವೇ ಪ್ರಶ್ನೆಗಳು ಎಷ್ಟೋ ವೇಳೆ ಮೊಬೈಲ್ ಫೋನಿನ ಮೂಲಕ ಬರುತ್ತವೆ. ಕೇಳುವವನು ಮನುಷ್ಯನೇ ಆಗಿರಬಹುದು, ಇಲ್ಲವೆ "ಹೌದಾದರೆ ಒಂದನ್ನು ಒತ್ತಿರಿ" ಎನ್ನುವ ಮುದ್ರಿತ ಧ್ವನಿಯಾಗಿರಬಹುದು. ವೆಚ್ಚ ಕಡಿಮೆ, ಉತ್ತರ ಶೀಘ್ರ. ಆದರೆ ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು?

ಕೋಟಿ ಜನರ ಅಭಿರುಚಿಯನ್ನು ಸಾವಿರ ಜನರಿಂದ ಅರಿಯುವುದು ಅಸಾಧ್ಯವೇನಲ್ಲ. ಯಾವ ಪಕ್ಷಪಾತವೂ ಇಲ್ಲದೆ, ಚೀಟಿ ಎತ್ತಿದಂತೆ ಆರಿಸಿದ 1000 ಜನರಲ್ಲಿ ಶೇಕಡಾ 40 ಮಂದಿ ಒಂದು ಸಾಬೂನನ್ನು ಮೆಚ್ಚಿದರೆನ್ನೋಣ. ಇಂತಹ ನೂರು ಸಮೀಕ್ಷೆಗಳನ್ನು ನಡೆಸಿದರೆ, ಸುಮಾರು 95ರಲ್ಲಿ ಉತ್ತರವು ನಿಜವಾದ ಸಂಖ್ಯೆಗಿಂತ 3 ಅಂಶಗಳಿಗಿಂತ ಹೆಚ್ಚು ಆಚೀಚೆ ಹೋಗುವುದಿಲ್ಲ. ಈ ದೋಷವನ್ನು ಅರ್ಧಕ್ಕಿಳಿಸಬೇಕಾದರೆ ಎರಡು ಸಾವಿರ ಸಾಲದು, ನಾಲ್ಕು ಸಾವಿರ ಜನರನ್ನು ಕೇಳಬೇಕು.

ಆದರೆ ಪ್ರಯೋಗಶಾಲೆಯಲ್ಲಿ ವರ್ನಿಯರ್ ಹಿಡಿದ ವಿದ್ಯಾರ್ಥಿಗೆ ಇನ್ನೊಂದು ದೋಷದ ಪರಿಚಯವಿದೆ. ಉಪಕರಣದಲ್ಲಿಯೇ ಶೂನ್ಯದೋಷವಿದ್ದರೆ ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಅದು ತೊಲಗದು. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಗೆ ಆದುದು ಇದೇ. ಹೆಚ್ಚಾಗಿ ಟೆಲಿಫೋನ್ ಮತ್ತು ಮೋಟಾರು ಕಾರುಗಳ ಪಟ್ಟಿಗಳಿಂದ ಹೆಸರುಗಳನ್ನು ಆಯ್ದು ಅದು ಸುಮಾರು ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರಗಳು ಬಂದುವು. ಅವುಗಳ ಬಲದಿಂದ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ ಸುಮಾರು ಶೇಕಡಾ 61 ಮತಗಳಿಂದ! ಬಡವರ ಮನೆಯಲ್ಲಿ ಆಗ ಟೆಲಿಫೋನೆಲ್ಲಿತ್ತು? ಅದೂ ಅಲ್ಲದೆ, ಚೀಟಿ ತಲಪಿದ ನಾಲ್ವರಲ್ಲಿ ಮೂವರು ಉತ್ತರಿಸಲೇ ಇಲ್ಲ. ಉತ್ತರಿಸಿದವರೂ ಉತ್ತರಿಸದವರೂ ಒಂದೇ ಬಗೆಯವರೆಂದು ಹೇಳುವಂತಿರಲಿಲ್ಲ.

ಇಂದು ಮೊಬೈಲು ಎಲ್ಲರ ಕೈಯಲ್ಲಿದೆಯಲ್ಲ ಎನ್ನಬಹುದು. ನಿಜಕ್ಕೂ ಇದೆಯೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ತಾವೇ ಬಳಸುವ ಮೊಬೈಲು ಉಳ್ಳವರು ಶೇಕಡಾ 54 ಮಾತ್ರ. ಮನೆಯ ಸಾಬೂನು, ಎಣ್ಣೆ, ಬೇಳೆಗಳನ್ನು ಬಳಸುವವಳು ಗೃಹಿಣಿ. ಫೋನಿನಲ್ಲಿ ಉತ್ತರಿಸುವವನು ಅವಳ ಗಂಡನೋ ಮಗನೋ!

ಇದಕ್ಕೆ ಸಂಖ್ಯಾಶಾಸ್ತ್ರಜ್ಞರು ತೂಕ ಕೊಡುವ ಉಪಾಯ ಹೂಡಿದ್ದಾರೆ. ಉತ್ತರಿಸಿದವರಲ್ಲಿ ಸ್ತ್ರೀಯರು ಶೇಕಡಾ 30, ಇರಬೇಕಾದುದು 50 ಎಂದಾದರೆ, ಒಬ್ಬೊಬ್ಬ ಸ್ತ್ರೀಯ ಉತ್ತರವನ್ನು ಐದು-ಮೂರಾಂಶದಷ್ಟು, ಎಂದರೆ ಸುಮಾರು 1.67 ಎಂದು ಎಣಿಸುತ್ತಾರೆ. ಒಬ್ಬನಲ್ಲಿಯೇ ಎರಡು ಸಂಖ್ಯೆಗಳಿದ್ದರೆ ಕರೆ ಬರುವ ಸಂಭವವೂ ಇಮ್ಮಡಿ. ಅವನ ಉತ್ತರಕ್ಕೆ ಅರ್ಧ ತೂಕ. ಜಾಣತನದ ಉಪಾಯವೇ ಸರಿ. ಆದರೆ ಮೊಬೈಲುಳ್ಳ ಸ್ತ್ರೀಯ ಅಭಿರುಚಿಯೂ ಅದಿಲ್ಲದವಳ ಅಭಿರುಚಿಯೂ ಬೇರೆಯಾಗಿದ್ದರೆ, ಮೊದಲನೆಯವಳ ಮಾತನ್ನು ಎಷ್ಟರಿಂದ ಗುಣಿಸಿದರೂ ಎರಡನೆಯವಳ ಮಾತು ಹೊರಡದು. ಆದುದರಿಂದಲೇ ಎಚ್ಚರಿಕೆಯುಳ್ಳ ಸಂಶೋಧಕರು ಫೋನಿಲ್ಲದ ಕೆಲವು ಮನೆಗಳಿಗಾದರೂ ಜನರನ್ನು ಕಳುಹಿಸಿ ಎರಡೂ ಉತ್ತರಗಳನ್ನು ಹೋಲಿಸುತ್ತಾರೆ.

ಪ್ರಶ್ನೆಯ ರೂಪವೂ ಉತ್ತರವನ್ನು ಬದಲಿಸುತ್ತದೆ. ಕಿವಿಯಿಂದ ಕೇಳುವಾಗ ಕೊನೆಯಲ್ಲಿ ಬಂದ ಹೆಸರೂ, ಕಣ್ಣಿನಿಂದ ಓದುವಾಗ ಮೊದಲಿನ ಹೆಸರೂ ಹೆಚ್ಚು ಆಯ್ಕೆಯಾಗುವ ಒಲವು ಕಂಡುಬಂದಿದೆ. ಅದಕ್ಕಾಗಿ ಯಂತ್ರವು ಒಬ್ಬೊಬ್ಬರಿಗೂ ಸಾಬೂನುಗಳ ಹೆಸರನ್ನು ಬೇರೆ ಬೇರೆ ಕ್ರಮದಲ್ಲಿ ಓದಿ ಹೇಳುತ್ತದೆ.