ತಂತಿಯ ಕಾವಲುಗಾರ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಕಲಘಟಗಿಯನ್ನು ದಾಟಿ ಯಲ್ಲಾಪುರ ತಾಲೂಕನ್ನು ಪ್ರವೇಶಿಸಿದಾಗ ಸಿಗುವ ಊರು ಕಿರವತ್ತಿ. ಇದೇ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳೀನದಿಯ ನೀರಿನಿಂದ ನಡೆಯುವ ವಿದ್ಯುದಾಗಾರವು 120 ಮೆಗಾವಾಟ್, ಎಂದರೆ ಹನ್ನೆರಡು ಕೋಟಿ ವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲದು. ಆದರೂ ಕಿರವತ್ತಿಯ ಒಂದು ಮನೆಯಲ್ಲಿ ಇಂಡಕ್ಷನ್ ಒಲೆ, ಮಿಕ್ಸರ್, ನೀರು ಕಾಯಿಸುವ ಕೆಟಲ್ ಈ ಮೂರನ್ನೂ ಒಟ್ಟಿಗೆ ನಡೆಸಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಅಡುಗೆಮನೆಯ ವಿದ್ಯುತ್ತು ನಿಂತುಹೋಗಬಹುದು. ಬೀದಿಯ ಕಂಬದಲ್ಲಿ ವಿದ್ಯುತ್ತಿದೆ, ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಹಾಗಾದರೆ ತಡೆದವರಾರು? ಗೋಡೆಯ ಪೆಟ್ಟಿಗೆಯಲ್ಲಿ ಕುಳಿತಿರುವ, ಹೆಬ್ಬೆರಳಿನಷ್ಟು ಅಗಲದ ಒಂದು ಸ್ವಿಚ್ಚು! ಎಂ.ಸಿ.ಬಿ. ಎಂದು ಎಲ್ಲರೂ ಕರೆಯುವ ಸರ್ಕ್ಯೂಟ್ ಬ್ರೇಕರ್ ಅದೇ.

ಅದರ ಮೈಮೇಲೆ 6, 10, 16, 20, 32 ಎಂಬಂಥ ಒಂದು ಅಂಕಿ ಇರುತ್ತದೆ. ಅದು ಆಂಪಿಯರುಗಳಲ್ಲಿ ಹೇಳಿದ ಪ್ರವಾಹದ ಮಿತಿ. ಈ ಅಂಕಿ ಯಾರ ರಕ್ಷಣೆಗಾಗಿ ಇದೆ? ಮಿಕ್ಸರಿನ ರಕ್ಷಣೆಗೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಗೋಡೆಯೊಳಗೆ, ಮಾಡಿನ ತೊಲೆಯ ಮೇಲೆ, ನಮ್ಮ ಕಣ್ಣಿಗೆ ಬೀಳದಂತೆ ಸಾಗುವ ತಂತಿಯ ರಕ್ಷಣೆಗಾಗಿಯೇ ಅದನ್ನು ನಿಯಮಿಸಲಾಗಿದೆ.

ಕಾವಿನ ಲೆಕ್ಕ

ಪ್ರವಾಹ ಹರಿಯುವ ತಂತಿ ಬಿಸಿಯಾಗುತ್ತದೆ. ಈ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ವಿಜ್ಞಾನಿ 1840ರ ಸುಮಾರಿಗೆ ಕಂಡುಕೊಂಡನು. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಮಡಿ.

ಈಗ ನಮ್ಮ ಅಡುಗೆಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಲ್ಲಿಯ ಸಾಕೆಟ್ಟುಗಳಿಗೆಲ್ಲ 1.5 ಚದರ ಮಿಲಿಮೀಟರಿನ ಒಂದೇ ತಾಮ್ರದ ತಂತಿ. ಅದಕ್ಕೆ 10 ಆಂಪಿಯರಿನ ಬ್ರೇಕರು. ಒಲೆ 1800 ವಾಟ್, ಮಿಕ್ಸರ್ 750, ಕೆಟಲ್ 1500. ಒಟ್ಟು 4050 ವಾಟ್. ಮನೆಗೆ ಬರುವ ಒತ್ತಡ 230 ವೋಲ್ಟ್. ವಾಟುಗಳನ್ನು ವೋಲ್ಟುಗಳಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ: ಸುಮಾರು 17.6 ಆಂಪಿಯರ್. ಪೆಟ್ಟಿಗೆಯಿಂದ ಸಾಕೆಟ್ಟು 10 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿ 20 ಮೀಟರ್; ಅದರ ರೋಧ ಸುಮಾರು 0.24 ಓಮ್. 10 ಆಂಪಿಯರಿನಲ್ಲಿ ಆ ತಂತಿ 24 ವಾಟುಗಳಷ್ಟು ಕಾವನ್ನು ಹೊರಗೆಡಹುತ್ತದೆ. 17.6 ಆಂಪಿಯರಿನಲ್ಲಿ ಅದೇ ಕಾವು 75 ವಾಟುಗಳಿಗೆ ಏರುತ್ತದೆ. ಪ್ರವಾಹ ಎರಡು ಪಟ್ಟು ಕೂಡ ಆಗಲಿಲ್ಲ, ಕಾವು ಮೂರು ಪಟ್ಟು ಮೀರಿತು! ತಂತಿಯ ಮೇಲಿನ ಸಾಮಾನ್ಯ ಪಿ.ವಿ.ಸಿ. ಹೊದಿಕೆ ಸತತವಾಗಿ ತಾಳಬಲ್ಲುದು 70 ಡಿಗ್ರಿ ಸೆಲ್ಸಿಯಸ್ ಮಾತ್ರ. ಅದಕ್ಕೂ ಮೀರಿದರೆ ಹೊದಿಕೆ ಮೆದುವಾಗಿ, ಕಾಲಕ್ರಮದಲ್ಲಿ ಬಿರಿದು, ತಂತಿ ಬರಿದಾಗುತ್ತದೆ. ಹೆಂಚಿನ ಮಾಡು, ಮರದ ಪಕಾಸು ರೀಪುಗಳು, ಅಟ್ಟದ ಮೇಲೆ ಒಣಗಿದ ಸಾಮಗ್ರಿ ಇರುವ ಮಲೆನಾಡಿನ ಮನೆಯಲ್ಲಿ ಇದರ ಪರಿಣಾಮವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗಿನ ಇಬ್ಬರು ಕಾವಲುಗಾರರು

ಹಿಂದೆ ಈ ಕೆಲಸವನ್ನು ಪಿಂಗಾಣಿಯ ಫ್ಯೂಸು ಮಾಡುತ್ತಿತ್ತು. ಅದರ ತೆಳುವಾದ ತಂತಿ ತಾನು ಕರಗಿ ಮನೆಯನ್ನು ಉಳಿಸುತ್ತಿತ್ತು. ಮತ್ತೆ ಮತ್ತೆ ಉಪಯೋಗಿಸಬಹುದಾದ ಸಣ್ಣ ಬ್ರೇಕರಿಗೆ ಜರ್ಮನಿಯ ಮಾನ್‌ಹೈಮ್ ನಗರದ ಹ್ಯೂಗೋ ಸ್ಟೋಟ್ಸ್ ಎಂಬುವನ ಸಂಸ್ಥೆ 1924ರಲ್ಲಿ ಪೇಟೆಂಟ್ ಪಡೆಯಿತು.

ಅದರೊಳಗೆ ಎರಡು ವ್ಯವಸ್ಥೆಗಳಿವೆ. ಮೊದಲನೆಯದು ದ್ವಿಲೋಹ ಪಟ್ಟಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಈ ಪಟ್ಟಿ ಬಿಸಿಯಾದಂತೆ ಬಾಗಿ, ಕೊನೆಗೆ ಕೊಂಡಿಯನ್ನು ಕಳಚುತ್ತದೆ. ಇದು ಸಾವಧಾನದ ಕಾವಲುಗಾರ. ನಿಯಮದಂತೆ, ಅಂಕಿತ ಪ್ರವಾಹದ 1.13 ಪಟ್ಟಿಗೆ ಅದು ಒಂದು ಗಂಟೆಯಾದರೂ ಕಳಚಿಕೊಳ್ಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಕಳಚಲೇಬೇಕು. ಎರಡನೆಯದು ವಿದ್ಯುತ್ಕಾಂತ. ಎರಡು ತಂತಿಗಳು ನೇರವಾಗಿ ತಾಗಿ ಹ್ರಸ್ವಮಂಡಲವಾದಾಗ ಪ್ರವಾಹ ನೂರಾರು ಆಂಪಿಯರಿಗೆ ನೆಗೆಯುತ್ತದೆ. ಆಗ ಕಾಂತವು ಕಣ್ಣು ಮಿಟುಕಿಸುವುದರೊಳಗೆ ಕೊಂಡಿಯನ್ನು ಎಳೆದುಬಿಡುತ್ತದೆ.

ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ಎಂದಿನ ಐದಾರು ಪಟ್ಟು ಪ್ರವಾಹವನ್ನು ಸೆಳೆಯುತ್ತದೆ. ಇದನ್ನು ಸಹಿಸಲೆಂದು ಬ್ರೇಕರುಗಳಲ್ಲಿ ಬಿ, ಸಿ, ಡಿ ಎಂಬ ವರ್ಗಗಳಿವೆ. ಬಿ ವರ್ಗದ ಕಾಂತ 3ರಿಂದ 5 ಪಟ್ಟಿಗೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ, ಡಿ ವರ್ಗದ್ದು 10ರಿಂದ 20 ಪಟ್ಟಿಗೆ ಎಚ್ಚರಗೊಳ್ಳುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಳ್ಳಿಯ ವಿದ್ಯುನ್ಮಾರ್ಗದ ತುದಿಯಲ್ಲಿ ಒತ್ತಡ ಕುಗ್ಗಿದಾಗ, ಹೊರೆ ಹೊತ್ತ ಮೋಟಾರು ಕಡಿಮೆಯಲ್ಲ, ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಹಗಲೆಲ್ಲ ಸುಮ್ಮನಿದ್ದ ಬ್ರೇಕರು ಸಂಜೆ ಬೀಳುವುದಕ್ಕೆ ಇದೂ ಒಂದು ಕಾರಣವಾಗಬಹುದು.

ದೊಡ್ಡ ಅಂಕಿಯ ಮೋಹ

ಬ್ರೇಕರು ಪದೇ ಪದೇ ಬಿದ್ದಾಗ, 10ರದನ್ನು ಕಿತ್ತು 32ರದನ್ನು ಕೂರಿಸಿದರಾಯಿತೆಂದು ಕೆಲವರು ಹೇಳುವುದುಂಟು. ಹಿಂದೆ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದುದೂ ಇದೇ ಬುದ್ಧಿ. ಆಗ ಬ್ರೇಕರು ಬೀಳದು, ನಿಜ. 17.6 ಆಂಪಿಯರನ್ನು ಕಂಡೂ ಅದು ಗಂಟೆಗಟ್ಟಲೆ ಸುಮ್ಮನಿರುತ್ತದೆ. ತಂತಿ ಮಾತ್ರ ಹಳೆಯದೇ! ಹೊರೆ ಹೆಚ್ಚಬೇಕಾದರೆ ಮೊದಲು ದಪ್ಪ ತಂತಿಯ ಬೇರೊಂದು ಮಂಡಲವನ್ನು ಎಳೆಯಬೇಕು. ಆ ತಂತಿಗೆ ತಕ್ಕ ಬ್ರೇಕರನ್ನು ಆಮೇಲೆ ಆರಿಸಬೇಕು. ಮನೆಯ ಒಟ್ಟು ಹೊರೆ ಮಂಜೂರಾದುದನ್ನು ಮೀರುವಂತಿದ್ದರೆ ಹೆಸ್ಕಾಂ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಉಪಕರಣಗಳನ್ನೆಲ್ಲ ಬಿಡಿಸಿದ ಮೇಲೂ ಬ್ರೇಕರು ನಿಲ್ಲದಿದ್ದರೆ ದೋಷ ತಂತಿಯಲ್ಲಿಯೇ ಇರಬಹುದು. ಅದನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನೇ ಪರೀಕ್ಷಿಸತಕ್ಕದ್ದು.

ಈ ಕಾವಲುಗಾರನಿಗೂ ಮಿತಿಗಳಿವೆ. ಸಡಿಲವಾದ ತಿರುಪಿನ ಬಳಿ ಹುಟ್ಟುವ ಕಾವು ಅವನಿಗೆ ಕಾಣದು. ಮನುಷ್ಯನ ಮೈಮೂಲಕ ಹರಿಯುವ ಅಲ್ಪ ಪ್ರವಾಹವೂ ಅವನಿಗೆ ತಿಳಿಯದು. ಅದಕ್ಕೆ ಒಂದು ಆಂಪಿಯರಿನ ಸಾವಿರದಲ್ಲಿ 30 ಭಾಗ ಸೋರಿದರೂ ಕಡಿದುಹಾಕುವ ಆರ್.ಸಿ.ಸಿ.ಬಿ. ಬೇರೆಯೇ ಬೇಕು.

ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಯನ್ನು ಬಿಚ್ಚದೆ, ಹೊರಗಿನಿಂದಲೇ ಬ್ರೇಕರುಗಳ ಅಂಕಿಗಳನ್ನು ಬರೆದುಕೊಳ್ಳಲಿ. ಯಾವುದು ಯಾವ ಕೋಣೆಗೆಂದು ಗುರುತಿಸಲಿ. ಉಪಕರಣಗಳ ವಾಟುಗಳನ್ನು ಕೂಡಿಸಿ 230ರಿಂದ ಭಾಗಿಸಲಿ. ಒಂದು ಹಾಳೆ, ಒಂದು ಪೆನ್ಸಿಲು, ಅರ್ಧ ಗಂಟೆಯ ಕೆಲಸ. ಬ್ರೇಕರು ಬೀಳುವುದು ಉಪದ್ರವವಲ್ಲ, ಎಚ್ಚರಿಕೆ ಎಂಬುದು ಆ ಲೆಕ್ಕದಿಂದಲೇ ಮನದಟ್ಟಾಗುವುದು.