ತಾರೆಯ ಕರೆ, ಊರಿನ ಗುದ್ದಲಿ

ಮಂದ್ರೂಪ: ಭೀಮಾ, ಸೀನಾ ಎಂಬ ಎರಡು ನದಿಗಳ ನಡುವಿನ ಸೀಮೆ ನಮ್ಮದು. ಆದರೂ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುವುದು ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. 2025ರ ಸೆಪ್ಟೆಂಬರಿನಲ್ಲಿ ಅದೇ ಸೀನಾ ದಡ ಮೀರಿ ಹೊಲಗಳನ್ನು ಮುಳುಗಿಸಿತು. ಒಂದೇ ಜಿಲ್ಲೆಗೆ ಬರವೂ ನೆರೆಯೂ ಹೇಗೆ? ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹೀಗಾಗಿ ಬಿಸಿಲಿಗೆ ನೆಲ ಬೇಗ ಒಣಗುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿಯುವ ಸಂಭವವೂ ಹೆಚ್ಚುತ್ತದೆ.

ಪಠ್ಯಪುಸ್ತಕ ಇದನ್ನು ಹೇಳುತ್ತದೆ. ಆದರೆ ಜನರು ಕಿವಿಗೊಡುವುದು ಯಾರ ಮಾತಿಗೆ? 2016ರ ಫೆಬ್ರುವರಿಯಲ್ಲಿ ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊ ಆಸ್ಕರ್ ಪ್ರಶಸ್ತಿ ಸ್ವೀಕರಿಸುತ್ತ ಹವಾಮಾನ ಬದಲಾವಣೆಯನ್ನು ಪ್ರಸ್ತಾಪಿಸಿದಾಗ, ಅಂತರ್ಜಾಲದಲ್ಲಿ ಆ ವಿಷಯದ ಹುಡುಕಾಟ ದಿಢೀರನೆ ಏರಿತೆಂಬುದನ್ನು ಸಂಶೋಧಕರು ಅಳೆದು ತೋರಿಸಿದರು. ಹುಡುಕಾಟದಿಂದ ಯಾವ ಬಾವಿಗೂ ನೀರು ಬರುವುದಿಲ್ಲ, ಆ ಮಾತು ಬೇರೆ.

ನಮ್ಮ ರಾಜ್ಯದಲ್ಲಿ ನಡೆದದ್ದು ಇನ್ನೊಂದು ಬಗೆಯದು. ನಟ ಆಮಿರ್ ಖಾನ್ ಹಾಗೂ ಕಿರಣ್ ರಾವ್ ಅವರ ಪಾನಿ ಫೌಂಡೇಶನ್ 2016ರಲ್ಲಿ ಹಳ್ಳಿಗಳ ನಡುವೆ ‘ವಾಟರ್ ಕಪ್’ ಸ್ಪರ್ಧೆಯನ್ನು ಆರಂಭಿಸಿತು. ಮೊದಲ ವರ್ಷ 3 ತಾಲೂಕುಗಳು, ಮರುವರ್ಷ 30, 2018ರಲ್ಲಿ 75. ಊರಿನ ಕೆಲವರು ತರಬೇತಿ ಪಡೆದು ಬರಬೇಕು. ಬಳಿಕ ಬಿರುಬೇಸಿಗೆಯ ಸುಮಾರು 45 ದಿನ ಊರೆಲ್ಲ ಸೇರಿ ಶ್ರಮದಾನ ಮಾಡಬೇಕು. 2019ರಲ್ಲಿ ಮೊದಲ ಬಹುಮಾನ ಪಡೆದದ್ದು ನಮ್ಮದೇ ಜಿಲ್ಲೆಯ ಬಾರ್ಶಿ ತಾಲೂಕಿನ ಸುರ್ಡಿ.

ಅಲ್ಲಿನ ಕೆಲಸದ ತಿರುಳು ಸಮಪಾತಳಿ ಕಂದಕ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ತೋಡಿದ ಕಂದಕದಲ್ಲಿ ರಭಸದ ಮಳೆನೀರು ನಿಂತು ನೆಲಕ್ಕಿಳಿಯುತ್ತದೆ; ಮಣ್ಣೂ ಕೊಚ್ಚಿಹೋಗುವುದಿಲ್ಲ. ಮಟ್ಟ ತಪ್ಪಿದರೆ ಅದೇ ಕಂದಕ ಕಾಲುವೆಯಾಗಿ ನೀರನ್ನು ಹೊರಗೆ ಹರಿಸಿಬಿಡುತ್ತದೆ. ಆದ್ದರಿಂದ ಉತ್ಸಾಹಕ್ಕಿಂತ ಮೊದಲು ತರಬೇತಿ ಬೇಕು. ನಟನ ಹೆಸರು ಜನರನ್ನು ಗುಡ್ಡ ಹತ್ತಿಸಿತು. ಗುಡ್ಡದ ಮೇಲೆ ಕೆಲಸಕ್ಕೆ ಬಂದದ್ದು ಮಟ್ಟ ಹಿಡಿಯುವ ವಿದ್ಯೆ.

ತಾರೆಯ ಪ್ರಭಾವ ಹೊಲದ ಬದುವಿನಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅನಿಸಿಕೆ. ಊರೆಲ್ಲ ಬೆವರಿಳಿಸಿ ಇಂಗಿಸಿದ ನೀರನ್ನು ಕೊಳವೆಬಾವಿಯಿಂದ ಎತ್ತಿ ಕಬ್ಬಿಗೆ ಹರಿಸಿದರೆ ಯಾವ ನಟನೂ ತಡೆಯಲಾರ. ಜೋಳದ ನಾಡಾದ ಸೊಲ್ಲಾಪುರದಲ್ಲಿ ಸಕ್ಕರೆ ಕಾರ್ಖಾನೆಗಳಿಗೇನು ಕಡಿಮೆಯೇ! ಫೌಂಡೇಶನ್ ಕೂಡ ಮುಂದೆ ಬೆಳೆಯ ಕಡೆಗೆ ಹೊರಳಿ, ರೈತರ ಗುಂಪುಗಳಿಗಾಗಿ ‘ಫಾರ್ಮರ್ ಕಪ್’ ನಡೆಸಿತು.

ಕರ್ನಾಟಕದಲ್ಲಿ ನಟ ಯಶ್ 2017ರಲ್ಲಿ ಕೊಪ್ಪಳ ಜಿಲ್ಲೆಯ ತಲ್ಲೂರು ಕೆರೆಯ ಹೂಳೆತ್ತಿಸಿದರು. ಸಾಲುಮರದ ತಿಮ್ಮಕ್ಕನ ಕಥೆ ಇದಕ್ಕೆ ತದ್ವಿರುದ್ಧ: ಅವರಲ್ಲಿ ಮೊದಲು ಕೆಲಸ, ಖ್ಯಾತಿ ಬಂದದ್ದು ಆಮೇಲೆ. ಕಾಸರಗೋಡಿನ ಕನ್ನಡಿಗ ಶ್ರೀಪಡ್ರೆಯವರು ಯಾವ ತೆರೆಯ ಬೆಳಕೂ ಇಲ್ಲದೆ ದಶಕಗಳಿಂದ ಮಳೆಕೊಯ್ಲಿನ ಕುರಿತು ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ.

ಪಾಲಕರಿಗೆ ಒಂದು ಮಾತು. ನಮ್ಮ ಮಕ್ಕಳು ಟಿವಿಯಲ್ಲಿ ಕೇಳುವ ಮರಾಠಿಯ ‘ಪಾಣಲೋಟ’ವೇ ಕನ್ನಡದ ‘ಜಲಾನಯನ’. ಇದನ್ನು ಮನೆಯಲ್ಲಿ ತಿಳಿಸಿಕೊಡಿ. ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ, ಅದರ ಎರಡು ತುದಿಗಳನ್ನು ಅಳತೆಯ ಗುರುತುಳ್ಳ ಎರಡು ಕೋಲುಗಳಿಗೆ ಕಟ್ಟಿ, ಶಾಲೆಯ ಅಂಗಳದಲ್ಲಿ ನಿಲ್ಲಿಸಿ ನೋಡಲಿ. ಎರಡೂ ಕೋಲುಗಳಲ್ಲಿ ನೀರು ಒಂದೇ ಗುರುತಿಗೆ ನಿಂತರೆ ಆ ಎರಡು ಜಾಗಗಳ ಮಟ್ಟ ಒಂದೇ.