ನಾಯಕನ ಮಾತು ಕಾರ್ಖಾನೆಯಾದ ಬಗೆ

ಬೆಂಗಳೂರು: ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್ 6ರಂದು ರೈಲು ಸಂಚಾರ ಆರಂಭಿಸಿದ ಹೊಸ ಟರ್ಮಿನಲ್‌ಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅದೇ ಬೈಯಪ್ಪನಹಳ್ಳಿಯ ಹಳೇ ಮದ್ರಾಸು ರಸ್ತೆಯ ಬದಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆಯ ಆವರಣವಿದೆ. ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ತಯಾರಿಸಿ ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದ ಈ ಸರ್ಕಾರಿ ಉದ್ದಿಮೆ 2002ರ ಹೊತ್ತಿಗೆ ಬಾಗಿಲು ಮುಚ್ಚಿತು. ನಾಯಕನೊಬ್ಬನ ಮಾತಿಗಿರುವ ಶಕ್ತಿ ಹಾಗೂ ಮಿತಿ ಎರಡಕ್ಕೂ ಈ ಊರು ಸಾಕ್ಷಿ.

ಆ ಮಾತು ಯಾವುದು? 'ಕೈಗಾರಿಕೆ ಬೆಳೆಸಿ, ಇಲ್ಲವೇ ಅಳಿಯಿರಿ' ಎಂಬುದು ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಘೋಷಣೆ. ಕೈಗಾರಿಕೀಕರಣವೇ ಅಳಿವಿನ ದಾರಿ ಎಂಬುದು ಗಾಂಧೀಜಿ ಅದಕ್ಕೆ ನೀಡಿದ ಉತ್ತರವೆಂದು ಜನಜನಿತ. ಮೈಸೂರು ಸಂಸ್ಥಾನ ಇಬ್ಬರ ಮಾತಿಗೂ ಕಿವಿಗೊಟ್ಟಿತು ಎಂಬುದು ಗಮನಾರ್ಹ. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಉರಿಯಿತು. ನಂಜನಗೂಡು ಬಳಿಯ ಬದನವಾಳುವಿನಲ್ಲಿ ಚರಕ ತಿರುಗಿತು.

ಮಾತು ಫಲಿಸಿದ್ದೇಕೆ?

ಘೋಷಣೆಗಳು ಅನೇಕ, ಫಲಿಸುವುದು ಕೆಲವು ಮಾತ್ರ. ವಿಶ್ವೇಶ್ವರಯ್ಯನವರ ಮಾತಿನ ಹಿಂದೆ ವ್ಯವಸ್ಥೆಯೊಂದಿತ್ತು. 1911ರಲ್ಲಿ, ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, ಮೈಸೂರು ಸಂಪದಭ್ಯುದಯ ಸಮಾಜ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆಗಳ ಕುರಿತು ಅಧಿಕಾರಿಗಳೂ ಸಾರ್ವಜನಿಕರೂ ಒಟ್ಟಿಗೆ ಕುಳಿತು ಚರ್ಚಿಸಲು ಅದು ವೇದಿಕೆಯಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಬಂಡವಾಳಕ್ಕಾಗಿ ಮೈಸೂರು ಬ್ಯಾಂಕ್ (1913), ವಿದ್ಯೆಗಾಗಿ ಮೈಸೂರು ವಿಶ್ವವಿದ್ಯಾಲಯ (1916) ಸ್ಥಾಪನೆಯಾದವು. ಶ್ರೀಗಂಧದ ಎಣ್ಣೆ, ಸಾಬೂನು ತಯಾರಿಕೆಯೂ ಆರಂಭಗೊಂಡಿತು. ಹೀಗೆ ಮಾತನ್ನು ಕೇಳಿದವನಿಗೆ ಅದನ್ನು ಪಾಲಿಸುವ ದಾರಿಯೂ ಕಾಣಿಸಿತು.

ಅಧಿಕಾರ ತೊರೆದ ಮೇಲೂ ಆ ಮಾತು ನಿಲ್ಲಲಿಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅದೇ ಇಂದಿನ ಎಚ್‌ಎಎಲ್. 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿ ಉಪಕರಣಗಳ ಐಟಿಐ ಬಂದಿತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗ ಪಡೆದ ಎನ್‌ಜಿಇಎಫ್ ಕೂಡ ಇದೇ ಪರಂಪರೆಯ ಕುಡಿ. ಇವುಗಳನ್ನು ಕಟ್ಟಿದವರು ವಿಶ್ವೇಶ್ವರಯ್ಯನವರಲ್ಲ. ಆದರೆ ಸರ್ಕಾರ ಕೈಗಾರಿಕೆಗೆ ಮುಂದಾಳಾಗಬೇಕು ಎಂಬ ಅವರ ನಂಬಿಕೆ ಈ ನೆಲದಲ್ಲಿ ಆಗಲೇ ಬೇರೂರಿತ್ತು.

ಮಾತಿನ ಮಿತಿ

ಹಾಗಾದರೆ ಎನ್‌ಜಿಇಎಫ್ ಏಕೆ ಉಳಿಯಲಿಲ್ಲ? ಉತ್ತರದ ಸುಳಿವು ಭದ್ರಾವತಿಯಲ್ಲಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ಬೆಲೆ ಕುಸಿತದಿಂದ ನಷ್ಟಕ್ಕೆ ಸಿಲುಕಿದಾಗ, ಘೋಷಣೆಯಿಂದ ಅದು ಚೇತರಿಸಿಕೊಳ್ಳಲಿಲ್ಲ. ದಿವಾನಗಿರಿ ತ್ಯಜಿಸಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಹೊಣೆ ಹೊತ್ತು, ವೆಚ್ಚ ತಗ್ಗಿಸಿ, ಶಿಸ್ತು ತರಬೇಕಾಯಿತು.

ಮಾತು ಕಾರ್ಖಾನೆಗೆ ಜನ್ಮ ನೀಡಬಲ್ಲದು. ಅದನ್ನು ಉಳಿಸುವುದು ಪ್ರತಿದಿನದ ಲೆಕ್ಕ, ತಂತ್ರಜ್ಞಾನ ಹಾಗೂ ಹೊಣೆಗಾರಿಕೆ. ನಾಯಕನ ಹೆಸರನ್ನು ಫಲಕದ ಮೇಲೆ ಬರೆಯುವುದು ಸುಲಭ. ಬೈಯಪ್ಪನಹಳ್ಳಿಯಲ್ಲಿ ರೈಲಿನಿಂದ ಇಳಿಯುವ ಪ್ರಯಾಣಿಕನು ಆ ಹೆಸರನ್ನು ಓದುವಾಗ, ಸಮೀಪದಲ್ಲೇ ಮುಚ್ಚಿಹೋದ ಕಾರ್ಖಾನೆಯನ್ನೂ ಒಮ್ಮೆ ನೆನೆಯುವುದು ಒಳಿತು.